ಲಗ್ನಪತ್ರಿಕೆಯ ಹಿಂಬದಿ

ನಾನೊಂದು ಫೈಲು. ಬೆನ್ನು ನಾಲ್ಕು ಬೆರಳಗಲ, ಮೈಗೆ ನೀಲಿ ರೆಕ್ಸಿನ್, ಹೊಟ್ಟೆಯೊಳಗೆ ಉಕ್ಕಿನ ಕ್ಲಿಪ್ಪು. ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ 'ಸುರಕ್ಷತಾ ಕಡತ' ಎಂದು ಬರೆದ ಚೀಟಿ ಅಂಟಿಸಿದ್ದಾರೆ. ಆ ಎರಡು ಪದಗಳನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ. ಏಕೆಂದರೆ ನನ್ನನ್ನು ನಂಬಿದ ಒಬ್ಬ ಮನುಷ್ಯನ ಬಲಗೈಯಲ್ಲಿ ಈಗ ಎರಡೇ ಬೆರಳುಗಳಿವೆ. ಅದು ಹೇಗಾಯಿತು ಎಂದು ಹೇಳುತ್ತೇನೆ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದಲ್ಲ. ಹೇಳದೆ ಸುಮ್ಮನಿರುವುದನ್ನು ಆರು ವರ್ಷ ಮಾಡಿ ನೋಡಿದ್ದೇನೆ, ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಗಲ್ಲಿಯ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಆರು ಹೆಂಗಸರು ಸಾಲಾಗಿ ಕೂತು ನಮ್ಮನ್ನು ಮಾಡುತ್ತಿದ್ದರು. ಒಬ್ಬಳು ರಟ್ಟು ಕೊಯ್ಯುವಳು, ಒಬ್ಬಳು ಅಂಟು ಬಳಿಯುವಳು, ಇನ್ನೊಬ್ಬಳು ರೆಕ್ಸಿನ್ ಎಳೆದು ಮಡಚಿ ತಿಕ್ಕುವಳು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಊರೆಲ್ಲ ತಿರುಗಿ ಬರುತ್ತಿತ್ತು. ನನ್ನ ಹಿಂದಿನ ರಟ್ಟಿನ ಒಳಮೈಗೆ ಒಂದು ಕಾಗದದ ಜೇಬು ಅಂಟಿಸಬೇಕು. ಸರಿಯಾಗಿ ಅದೇ ಹೊತ್ತಿಗೆ ಯಾರದೋ ಸೊಸೆ ಮುನಿಸಿಕೊಂಡು ತವರಿಗೆ ಹೋದ ಸುದ್ದಿ ಬಂತು. ಅಂಟಿನ ಹೆಂಗಸು, “ಅಯ್ಯ ಶಿವನ, ಖರೇನ?” ಎಂದು ಬ್ರಷ್ಷು ಎತ್ತಿ ಹಿಡಿದವಳು ಒಂದು ಬದಿಗೆ ಅಂಟು ಹಚ್ಚುವುದನ್ನೇ ಮರೆತಳು. ಹಾಗಾಗಿ ಜೇಬಿಗೂ ರಟ್ಟಿಗೂ ನಡುವೆ ಒಂದು ಸಂದು ಉಳಿಯಿತು. ಮೇಲಿನಿಂದ ನೋಡಿದರೆ ಕಾಣದು. ಹುಟ್ಟಿನಿಂದ ಬಂದ ಊನ ಎನ್ನಿ. ಮುಂದೆ ನನ್ನ ಮಾನ ಕಳೆದದ್ದೂ ಆ ಸಂದೇ, ಅಷ್ಟಿಷ್ಟು ಉಳಿಸಿದ್ದೂ ಆ ಸಂದೇ.

ಅಲ್ಲಿಂದ ಗದಗಿನ ಒಂದು ಅಂಗಡಿಗೆ ಬಂದೆ. ಕಪಾಟಿನಲ್ಲಿ ನನ್ನ ಜೊತೆಗಿದ್ದ ಫೈಲುಗಳಿಗೆ ಬಲು ದೊಡ್ಡ ದೊಡ್ಡ ಆಸೆ. ಒಂದಕ್ಕೆ ಕೋರ್ಟಿಗೆ ಹೋಗಬೇಕಿತ್ತು, ಇನ್ನೊಂದಕ್ಕೆ ಬ್ಯಾಂಕಿಗೆ. ನನಗೆ ಅಂಥದ್ದೇನೂ ಇರಲಿಲ್ಲ. ಯಾರಾದರೂ ನನ್ನನ್ನು ಉಪಯೋಗಿಸಿದರೆ ಸಾಕು ಎಂದುಕೊಂಡಿದ್ದೆ. ಒಂದು ದಿನ ತಲೆಯ ಮೇಲೆ ಹಳದಿ ಹೆಲ್ಮೆಟ್ ಇಟ್ಟುಕೊಂಡೇ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಹೆಲ್ಮೆಟ್ಟು ಅವಳಿಗೆ ದೊಡ್ಡದು, ಮಾತಿಗೊಮ್ಮೆ ಹುಬ್ಬಿನ ತನಕ ಜಾರುತ್ತಿತ್ತು. “ಭಾಳ ವರ್ಷ ಬಾಳಿಕಿ ಬರೂವಂಥಾದ್ದು ಕೊಡ್ರಿ,” ಎಂದು ಕೇಳಿ, ಹತ್ತು ಫೈಲು ತಟ್ಟಿ ನೋಡಿ, ನನ್ನನ್ನು ಎತ್ತಿಕೊಂಡಳು. ಅವಳೇ ಇಂದುಮತಿ ಕಮ್ಮಾರ.

ಗದಗಿನ ಹೊರವಲಯದಲ್ಲಿ ಒಂದು ಕಂಪನಿ ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗಾಗಿ ಮೂರಂತಸ್ತಿನ ಹಾಸ್ಟೆಲ್ ಕಟ್ಟುತ್ತಿತ್ತು. ಇಂದುಮತಿ ಆ ಕಂಪನಿಯಲ್ಲಿ ಕಾಗದಪತ್ರದ ಕೆಲಸದವಳು. ಕಟ್ಟಡ ಮುಗಿದ ಮೇಲೆ ಬೀಗದ ಕೈ ಕೊಟ್ಟು ಕೈ ಒರೆಸಿಕೊಂಡು ಹೋಗುವಂತಿಲ್ಲ. ಗೋಡೆಯೊಳಗೆ ಯಾವ ಪೈಪು ಎಲ್ಲಿ ಓಡಿದೆ, ನೆಲದಡಿ ಕರೆಂಟಿನ ಕೇಬಲ್ ಎಲ್ಲಿದೆ, ಬೆಂಕಿ ಬಿದ್ದರೆ ಯಾವ ನಲ್ಲಿ ತಿರುಗಿಸಬೇಕು, ನೀರು ನಿಲ್ಲಿಸುವುದು ಎಲ್ಲಿ, ಇದೆಲ್ಲ ಬರೆದು, ನಕ್ಷೆ ಹಚ್ಚಿ, ಪುಟಕ್ಕೆ ಸಂಖ್ಯೆ ಹಾಕಿ ಕಟ್ಟಡದ ಯಜಮಾನರಿಗೆ ಒಪ್ಪಿಸಬೇಕು. ಮುಂದೆ ರಿಪೇರಿಗೆ ಬರುವವನ ಜೀವ ಆ ಫೈಲಿನ ಮೇಲೆ ನಿಂತಿರುತ್ತದೆ. ಆ ಫೈಲು ನಾನು.

ಇಂದುಮತಿ ನನ್ನನ್ನು ಸಿಂಗರಿಸಿದ ಪರಿ ನೆನೆದರೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಬಣ್ಣದ ಹಾಳೆ. ಪುಟದ ತುದಿ ಒಂದಕ್ಕೊಂದು ಕೂಡಲಿಲ್ಲ ಅಂದರೆ ಕಳಚಿ ಮತ್ತೆ ಜೋಡಿಸುವಳು. ನೀರಿನ ಪೈಪಿನ ನಕ್ಷೆ ಬಂದಾಗ ಹೆಲ್ಮೆಟ್ಟು ಒತ್ತಿಕೊಂಡು ಬಿಸಿಲಲ್ಲಿ ಹೋಗಿ ಒಂದೊಂದು ನಲ್ಲಿ ಎಣಿಸಿ ಬರುವಳು. ಯಾರೂ ಇಲ್ಲದಾಗ ನನ್ನ ಬೆನ್ನು ತಟ್ಟಿ, “ಕಟ್ಟಡಕ್ಕ ಬಾಯಿಲ್ಲ ನೋಡ. ಅದರ ಬಾಯಿ ನೀನ,” ಅನ್ನುತ್ತಿದ್ದಳು. ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ಕೆಲಸ ಮುಗಿಯುವ ವಾರ ಫಕೀರಪ್ಪ ಬಂದ. ಕಟ್ಟಡದ ಕರೆಂಟಿನ ಕೆಲಸವೆಲ್ಲ ಅವನದೇ. ಐವತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್, ಹೆಗಲಿಗೆ ಚೀಲ. ಸೈಟ್ ಆಫೀಸಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಹೇಳಿದ:

“ಮೇಡಂ, ಕೇಬಲ್ ನಕ್ಷೇದಾಗ ಇದ್ದಂಗ ಹೋಗಿಲ್ರಿ. ಮೂಡಣ ಗ್ವಾಡಿ ಬಾಜೂಕ ಅಗಿಯಾಕ ಹೋದ್ರ ಬಂಡೆಗಲ್ಲು ಹತ್ತಿತು. ಸುತ್ತು ಹಾಕಿ ಅಡಗಿಮನಿ ಹಿಂದ, ಬೇವಿನ ಗಿಡದ ಬಾಜೂಕ ಒಯ್ದೀನಿ. ಮ್ಯಾಲೆ ಇಟ್ಟಿಗಿ ಹಾಸೇನಿ, ಗುರುತಿಗೆ ಕಲ್ಲೂ ನೆಟ್ಟೀನಿ. ಆದ್ರ ಇದು ಫೈಲಿನ್ಯಾಗ ಬರಬೇಕ್ರಿ. ಇಲ್ಲಂದ್ರ ಮುಂದ ಯಾರರೆ ಅಲ್ಲಿ ಹಾರಿ ಹಾಕಿ ನೆಲ ಅಗದ್ರ ಅವನ ಕಥಿ ಮುಗೀತು.”

“ಹಂಗಾರ ಬರದು ಕೊಡ್ರಿ ಕಾಕಾ,” ಎಂದಳು ಇಂದುಮತಿ. ಅವಳು ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು.

ಫಕೀರಪ್ಪ ಚೀಲಕ್ಕೆ ಕೈ ಹಾಕಿದ. ಬರೆಯಲು ಕಾಗದವಿರಲಿಲ್ಲ. ಇದ್ದದ್ದು ಹಳದಿ ಅಂಚಿನ ಲಗ್ನಪತ್ರಿಕೆಗಳ ಕಟ್ಟು. ಮಗಳು ಶಿವಗಂಗಾಳ ಮದುವೆ ಗೊತ್ತಾಗಿತ್ತು. ಒಂದು ಪತ್ರಿಕೆ ಎಳೆದು, ಅದರ ಬಿಳಿ ಹಿಂಬದಿಯ ಮೇಲೆ ಗೇಟು, ಟ್ರಾನ್ಸ್‌ಫಾರ್ಮರ್, ಅಡುಗೆಮನೆ, ಬೇವಿನ ಮರ ಎಲ್ಲ ಬರೆದ. ಗೋಡೆಯಿಂದ ಒಂಬತ್ತು ಹೆಜ್ಜೆ, ಎರಡೂವರೆ ಅಡಿ ಆಳ ಎಂದು ನಮೂದಿಸಿದ. ಕೆಳಗೆ ತಾರೀಖು ಹಾಕಿ ರುಜು ಮಾಡಿದ. ಆಮೇಲೆ ಎರಡೂ ಕೈಯಿಂದ ಹಿಡಿದು ಕೊಟ್ಟು ನಕ್ಕ: “ಎರಡೂ ಕೆಲಸ ಆದುವಲ್ರೀ. ಈ ಕಡೆ ನೋಡಿ ಮದುವಿಗೆ ಬರ್ರಿ, ಆ ಕಡೆ ನೋಡಿ ನಕ್ಷಿ ತಿದ್ರಿ.”

ಇಂದುಮತಿ ಅದನ್ನು ತೆಗೆದುಕೊಂಡು ಮ್ಯಾನೇಜರ್ ಉಮಾಕಾಂತರ ಮೇಜಿಗೆ ಹೋದಳು. ನಾನು ಅದೇ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ಉಮಾಕಾಂತರು ಕೆಟ್ಟವರೆಂದು ಹೇಳಲಾರೆ. ಮೂರು ದಿನದಿಂದ ಅವರ ಫೋನು ಬಾಯಿ ಮುಚ್ಚಿರಲಿಲ್ಲ. ನಾಡಿದ್ದು ಉದ್ಘಾಟನೆ, ಪೆಂಡಾಲ್ ಹಾಕುವವರು ಬಂದು ನಿಂತಿದ್ದರು.

“ಹೊಸ ನಕ್ಷೆ ಅಂದ್ರ ಮತ್ತ ಡಿಸೈನ್ ಮಾಡಿದವರ ಹತ್ರ ಹೋಗಬೇಕು, ಅವರ ಸಹಿ ಬೇಕು. ಹದಿನೈದು ದಿನ ಹಿಡೀತದ. ಇದ್ದ ನಕ್ಷೆಗೇ ಸಿಕ್ಕಾ ಹೊಡದು ಹಾಕ್ರಿ ಇಂದುಮತಿ. ಆಮ್ಯಾಲೆ ತಿದ್ದೂಣು,” ಎಂದರು.

“ಸರ್, ಅಲ್ಲೀತನಕಾ ಇದನ್ನರೆ ಹಚ್ಚಲೇನ್ರಿ?”

“ಲಗ್ನಪತ್ರಿಕಾನ? ಸುರಕ್ಷತಾ ಕಡತದಾಗ? ಮಂದಿ ಹೊಟ್ಟಿ ಹಿಡಕೊಂಡು ನಗತಾರ. ಒಗೀರಿ ಅದನ್ನ.”

ಸಿಕ್ಕಾ ಎಂದರೆ ಆಸ್-ಬಿಲ್ಟ್ ಮೊಹರು. ಆ ಮೊಹರು ಬಿದ್ದ ನಕ್ಷೆಗೆ ಒಂದೇ ಅರ್ಥ: ಕಟ್ಟಿದ್ದು ಹೀಗೆಯೇ, ನಾವು ನೋಡಿ ಹೇಳುತ್ತಿದ್ದೇವೆ. ಇಂದುಮತಿ ಮೊಹರನ್ನು ಶಾಯಿ ಪೆಟ್ಟಿಗೆಗೆ ಒತ್ತಿ ಎತ್ತಿದವಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದುಕೊಂಡಿದ್ದಳು. ನಂತರ ಹೊಡೆದಳು. ತಯಾರಿಸಿದವರು ಎಂಬಲ್ಲಿ ತನ್ನ ಸಹಿ ಹಾಕಿದಳು, ಪರಿಶೀಲಿಸಿದವರು ಎಂಬಲ್ಲಿ ಉಮಾಕಾಂತರ ಸಹಿ ಮಾಡಿಸಿದಳು. ಕೇಬಲ್ಲು ಮೂಡಣ ಗೋಡೆಯ ಪಕ್ಕ ನೇರವಾಗಿ ಹೋಗಿದೆ ಎನ್ನುವ ಆ ಹಾಳೆ ನನ್ನ ಕ್ಲಿಪ್ಪಿಗೆ ಬಂದು ಕೂತಿತು. ಪುಟ ಸಂಖ್ಯೆ ನಲವತ್ತೊಂದು. ನನ್ನ ಮೊದಲ ಸುಳ್ಳು.

ಇನ್ನು ಪತ್ರಿಕೆ. ಇಂದುಮತಿ ಅದನ್ನು ಹಿಡಿದು ಕಸದ ಬುಟ್ಟಿಯ ತನಕ ಹೋದಳು. ಬುಟ್ಟಿಯಲ್ಲಿ ಚಹಾದ ಚರಟ, ಯಾರೋ ಉಗಿದ ಎಲೆ ಅಡಿಕೆ. ಪತ್ರಿಕೆಯ ಮೇಲೆ ಗಣಪತಿ ಕೂತಿದ್ದ. ನಾಲ್ಕೂ ಮೂಲೆಗೆ ಮದುವೆ ಮನೆಯ ಅರಿಶಿನ. ಅಂಥ ಪತ್ರಿಕೆಯನ್ನು ನಮ್ಮ ಕಡೆ ಯಾರೂ ಕಸಕ್ಕೆ ಹಾಕುವುದಿಲ್ಲ, ತುಳಿಯುವುದಿಲ್ಲ. ದೇವರ ಫೋಟೋದ ಹಿಂದೆ ಸಿಗಿಸುತ್ತಾರೆ, ಇಲ್ಲವೇ ಹರಿಯುವ ನೀರಿಗೆ ಬಿಡುತ್ತಾರೆ. ತಗಡಿನ ಆ ಆಫೀಸಿನಲ್ಲಿ ದೇವರ ಫೋಟೋ ಇರಲಿಲ್ಲ. ಅವಳ ಕೈ ಬುಟ್ಟಿಯ ಮೇಲೆ ನಿಂತಿತು, ಹಿಂದೆ ಬಂತು. ನನ್ನ ಹತ್ತಿರ ಬಂದು, ಹಿಂದಿನ ರಟ್ಟು ಎತ್ತಿ, ಜೇಬು ಸವರಿ ನೋಡಿದಳು. ಸಂದು ಅವಳ ಬೆರಳಿಗೆ ಸಿಕ್ಕಿತು. ಅಳತೆಪಟ್ಟಿಯಿಂದ ಮೆಲ್ಲಗೆ ನೂಕಿ ಪತ್ರಿಕೆಯನ್ನು ಒಳಗೆ ಸೇರಿಸಿಬಿಟ್ಟಳು. “ಆಮ್ಯಾಲೆ ತಿದ್ದತೀನಿ,” ಎಂದಳು. ನನಗೆ ಹೇಳಿದಳೋ ಗಣಪತಿಗೆ ಹೇಳಿದಳೋ.

'ಆಮೇಲೆ' ಎಂಬ ದಿನ ಯಾವ ಪಂಚಾಂಗದಲ್ಲೂ ಇಲ್ಲ. ಉದ್ಘಾಟನೆಯಾಗಿ ಒಂದು ವಾರಕ್ಕೆ ಕಂಪನಿ ಅವಳನ್ನು ಬೇರೆ ಊರಿನ ಬೇರೆ ಕಟ್ಟಡಕ್ಕೆ ಕಳಿಸಿತು.

ಉದ್ಘಾಟನೆಯ ದಿನ ನನಗೆ ಕೆಂಪು ರಿಬ್ಬನ್ ಕಟ್ಟಿದ್ದರು. ವೇದಿಕೆಯ ಮೇಲೆ ದೊಡ್ಡವರೊಬ್ಬರು ನನ್ನನ್ನು ಹಿಡಿದು ಹಾಸ್ಟೆಲಿನವರ ಕೈಗೆ ಕೊಟ್ಟರು. ಫೋಟೋದವನು, “ಇನ್ನೊಮ್ಮೆ ಕೊಡ್ರಿ ಸರ್,” ಎಂದ. ಇನ್ನೊಮ್ಮೆ ಕೊಟ್ಟರು. ಯಾರೂ ತೆರೆದು ನೋಡಲಿಲ್ಲ. ತೆರೆದಿದ್ದರೂ ಏನು ಕಾಣುತ್ತಿತ್ತು? ಮೇಲೆ ಥಳುಕು, ಒಳಗೆ ಹುಳುಕು. ಚಪ್ಪಾಳೆ ಬಿದ್ದಾಗ ನನ್ನ ಹಿಂದಿನ ರಟ್ಟಿನೊಳಗೆ ಪತ್ರಿಕೆ ಚುಚ್ಚಿದಂತಾಯಿತು.

ಹಾಸ್ಟೆಲಿನ ಆಫೀಸಿನಲ್ಲಿ ಗುರುಪಾದಯ್ಯ ಎಂಬ ಗುಮಾಸ್ತರಿದ್ದರು. ಬಾಯಿ ತುಂಬ ತಮಾಷೆ, ಕೈ ತುಂಬ ಸೋಮಾರಿತನ. ನನ್ನನ್ನು ಕಬ್ಬಿಣದ ಕಪಾಟಿನ ಮೇಲಿಟ್ಟರು. ಬೇಸಿಗೆಯಲ್ಲಿ ಟೇಬಲ್ ಫ್ಯಾನಿಗೆ ನಾನೇ ಪೀಠ. ಮಹಾನವಮಿಯ ಖಂಡೆ ಪೂಜೆಗೆ, ಎಂದರೆ ಆಯುಧಪೂಜೆಗೆ, ಟೈಪ್‌ರೈಟರ್, ಬೀಗದ ಕೈ ಗೊಂಚಲು, ಸ್ಟೇಪ್ಲರ್‌ಗಳ ಜೊತೆ ನನ್ನನ್ನೂ ಇಳಿಸಿ, ಧೂಳು ಒರೆಸಿ, ಬೆನ್ನಿಗೆ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದರು. “ಇದು ನಮ್ಮ ಕಟ್ಟಡದ ಜಾತಕ ನೋಡ್ರಿ,” ಎಂದು ಹುಡುಗಿಯರಿಗೆ ತೋರಿಸುತ್ತಿದ್ದರು. ಕರ್ಪೂರದ ಆರತಿ ಮುಖದ ಹತ್ತಿರ ಬಂದಾಗ ನನಗೆ ಕಣ್ಣು ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಪೂಜೆ ಮಾಡಿಸಿಕೊಳ್ಳುವ ಯೋಗ್ಯತೆ ನನಗೆಲ್ಲಿತ್ತು?

ನಡುವೆ ಒಂದು ಮಾತು ಕಿವಿಗೆ ಬಿತ್ತು. ತೋಟ ಮಾಡಲು ಬಂದವರು ಅಡುಗೆಮನೆಯ ಹಿಂದೆ ನೆಟ್ಟಿದ್ದ ಕಲ್ಲುಗಳನ್ನು ಕಿತ್ತು, ಹೂವಿನ ಪಾತಿಗೆ ಸುತ್ತಲೂ ಜೋಡಿಸಿದರಂತೆ. ಗುರುಪಾದಯ್ಯನವರು, “ಚಂದ ಕಾಣತೈತಿ,” ಎಂದರು. ಫಕೀರಪ್ಪ ನೆಟ್ಟ ಗುರುತೂ ಹೋಯಿತು. ಇನ್ನು ನಿಜ ಉಳಿದದ್ದು ನನ್ನ ಸಂದಿನಲ್ಲಿ ಮಾತ್ರ. ನನಗೆ ಕೈಯಿಲ್ಲ, ಬಾಯಿಯಿಲ್ಲ. ಕಟ್ಟಡದ ಬಾಯಿ ನೀನು ಎಂದಿದ್ದಳಲ್ಲ, ಆ ಬಾಯಿ ಇದ್ದದ್ದು ಹೀಗೆ.

ಆರನೆಯ ವರ್ಷ ಹಾಸ್ಟೆಲಿನವರು ಮಳೆನೀರಿಗೆ ಇಂಗುಗುಂಡಿ ತೋಡಿಸಲು ಹೊರಟರು. ಜಾಗ ಗೊತ್ತು ಮಾಡಿದ್ದು ಅಡುಗೆಮನೆಯ ಹಿಂದೆ, ಬೇವಿನ ಮರದ ಹತ್ತಿರ. ಗುಂಡಿ ತೋಡಲು ತಿಪ್ಪಣ್ಣ ಮೇಸ್ತ್ರಿ ಬಂದ. ಅರವತ್ತು ಮುಟ್ಟಿದವನು, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಕೊರಳಿಗೆ ಹಾಕಿದ್ದ. ಬಂದವನೇ ಗುರುಪಾದಯ್ಯನವರ ಮುಂದೆ ನಿಂತ.

“ಸರ, ಮೊದಲ ನಕ್ಷಿ ತೋರಸ್ರಿ. ನೆಲದಾಗ ಏನೈತೆಂತ ತಿಳೀಲಾರದ ನಾ ಹಾರಿ ಹಾಕಂಗಿಲ್ಲ.”

“ಏ ತಿಪ್ಪಣ್ಣ, ಗುಂಡಿ ತೋಡಾಕ ಬಂದೀಯೋ, ಪರೀಕ್ಷಾ ಬರಿಯಾಕ ಬಂದೀಯೋ?”

“ನಲವತ್ತು ವರ್ಷ ಆತ್ರಿ ನೆಲ ಅಗಿಯಾಕ ಹತ್ತಿ. ಇವತ್ತಿಗೂ ಕೈಕಾಲು ನೆಟ್ಟಗ ಅದಾವು ಅಂದ್ರ ಕೇಳಿ ಅಗದದ್ದಕ್ಕ.”

ಗುರುಪಾದಯ್ಯ ನನ್ನನ್ನು ಇಳಿಸಿ ಕೊಟ್ಟರು. ತಿಪ್ಪಣ್ಣ ನನ್ನನ್ನು ತಕ್ಷಣ ಮುಟ್ಟಲಿಲ್ಲ. ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು ಬಂದು ತೆರೆದ. ಆರು ವರ್ಷದಲ್ಲಿ ನನ್ನನ್ನು ನಿಜವಾಗಿ ಓದಲು ಬಂದ ಮೊದಲನೆಯವನು ಅವನೇ. ನಾನು ಹುಟ್ಟಿದ್ದೇ ಅವನಂಥವನಿಗಾಗಿ. ನಲವತ್ತೊಂದನೆಯ ಪುಟದಲ್ಲಿ ತೋರುಬೆರಳಿಟ್ಟು ಕೇಬಲ್ಲಿನ ಗೆರೆಯ ಮೇಲೆ ನಿಧಾನವಾಗಿ ನಡೆದ. “ಇದು ಮೂಡಣ ಗ್ವಾಡಿಗುಂಟ ಹೋಗೇತಿ. ಗಿಡದ ಕಡೆ ಏನೂ ಇಲ್ಲ. ಆತು,” ಎಂದು ಕನ್ನಡಕ ತೆಗೆದ. ಆ ಬೆರಳು ನನಗೆ ಇನ್ನೂ ನೆನಪಿದೆ. ಉಗುರು ಸೀಳಿತ್ತು, ಮೊದಲ ಗೆಣ್ಣಿನ ಮೇಲೆ ಹಳೆಯ ಗಾಯದ ಕಲೆಯಿತ್ತು. ಈಗ ಆ ಬೆರಳಿಲ್ಲ.

ಮಧ್ಯಾಹ್ನದ ಮೊದಲು ಅವನು ಮತ್ತೆ ಬಂದ. ಮೈಯೆಲ್ಲ ಮಣ್ಣು. ಮತ್ತೆ ಕೈ ತೊಳೆದುಕೊಂಡ.

“ಇಟ್ಟಿಗಿ ಹತ್ಯಾವ್ರಿ ಸರ. ಸಾಲಾಗಿ ಜೋಡಿಸಿದಂಗ ಅದಾವು. ಯಾಕೋ ಕೈ ಮುಂದ ಹೋಗವಲ್ದು.”

“ಫೈಲ್ ನೋಡಪಾ. ನನಗೇನ ಗೊತ್ತು?”

ಅವನು ನೋಡಿದ. ಎರಡನೆಯ ಸಲ ನೋಡಿದ! ಅವನ ಕೈ ಅವನಿಗೆ ನಿಜ ಹೇಳಿತ್ತು. ಅವನು ಆ ಕೈಯನ್ನು ಬಿಟ್ಟು ನನ್ನನ್ನು ಕೇಳಲು ಬಂದಿದ್ದ. ಹಿಂದಿನ ರಟ್ಟು ಎತ್ತಪ್ಪಾ, ಜೇಬಿನ ಬದಿಗೆ ಬೆರಳು ಹಾಕಪ್ಪಾ ಎಂದು ನಾನು ಕೂಗಿದ ಕೂಗು ಯಾವ ದೇವರಿಗೂ ಮುಟ್ಟಲಿಲ್ಲ. ಅವನು ಮೊಹರಿನ ಮೇಲೆ ಬೆರಳು ಸವರಿ, “ಸಿಕ್ಕಾನೂ ಐತಿ, ಸಹೀನೂ ಐತಿ. ಗ್ವಾಡಿ ಕಟ್ಟಿದ ಗೌಂಡ್ಯಾರು ಉಳದ ಇಟ್ಟಿಗಿ ಮುಚ್ಚಿ ಹೋಗಿರಬೇಕು,” ಎಂದ. ನನ್ನನ್ನು ಮುಚ್ಚಿ, ಎರಡೂ ಕೈಯಿಂದ ಮೇಜಿನ ಮೇಲಿಟ್ಟು ಹೋದ.

ಸ್ವಲ್ಪ ಹೊತ್ತಿಗೆ ಹೊರಗೆ ಏನೋ ಸಿಡಿದ ಸದ್ದಾಯಿತು. ಆಫೀಸಿನ ಫ್ಯಾನು ನಿಧಾನವಾಗಿ ನಿಂತಿತು. ಗುರುಪಾದಯ್ಯ, “ಕರೆಂಟ್ ಹೋತು,” ಎಂದರು. ಅಡುಗೆಯವರ ಚೀರಾಟ ಕೇಳಿದ ಮೇಲೆ ಎದ್ದು ಓಡಿದರು.

ತಿಪ್ಪಣ್ಣ ಬದುಕಿದ. ಹಾರೆ ಕೇಬಲ್ಲಿನೊಳಗೆ ಇಳಿದಾಗ ಎದ್ದ ಬೆಂಕಿ ಬಲಗೈಯನ್ನು ಹಿಡಿದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಇದೆಲ್ಲ ನಾನು ಗುರುಪಾದಯ್ಯನವರ ಫೋನಿನ ಮಾತಿನಿಂದ ಕೇಳಿದ್ದು. ಅವತ್ತಿನಿಂದ ಅವರ ತಮಾಷೆ ನಿಂತುಹೋಯಿತು. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅದೇ ವಾಸಿ ಅನ್ನಿಸಿತು.

ಎರಡು ತಿಂಗಳಿಗೆ ವಿಚಾರಣೆ ಇಟ್ಟರು. ವಿದ್ಯುತ್ ಸುರಕ್ಷತೆಯ ಅಧಿಕಾರಿಯೊಬ್ಬರು ಬಂದು ಅದೇ ಆಫೀಸಿನಲ್ಲಿ ಕೂತರು. ನಾನು ಅವರ ಮುಂದೆ ಮೇಜಿನ ಮೇಲೆ. ಒಂದು ಕಡೆ ಉಮಾಕಾಂತರು, ಅವರ ಪಕ್ಕ ಇಂದುಮತಿ. ಎಷ್ಟು ಬದಲಾಗಿದ್ದಳು! ಕೈಯಲ್ಲಿ ಒಳ್ಳೆಯ ಬ್ಯಾಗು, ಕಂಪನಿಯಲ್ಲಿ ಈಗ ದೊಡ್ಡ ಹುದ್ದೆ, ಕೈಕೆಳಗೆ ನಾಲ್ಕು ಜನ. ನನ್ನನ್ನು ಕಂಡವಳೇ ಮುಖ ತಿರುಗಿಸಿದಳು. ಇನ್ನೊಂದು ಕಡೆ ಫಕೀರಪ್ಪ, ತಲೆಯೆಲ್ಲ ಬೆಳ್ಳಗಾಗಿತ್ತು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ತಿಪ್ಪಣ್ಣ, ಕೈಗೆ ಪಟ್ಟಿ.

ಉಮಾಕಾಂತರು ಚೊಕ್ಕವಾಗಿ ಮಾತಾಡಿದರು. ನಕ್ಷೆ ಮೂಡಣ ಗೋಡೆಯ ಕಡೆ ತೋರಿಸುತ್ತದೆ, ಕೇಬಲ್ ಹಾಕಿದವನು ಫಕೀರಪ್ಪ, ತನಗೆ ಬೇಕಾದ ಕಡೆ ಹಾಕಿ ಯಾರಿಗೂ ತಿಳಿಸಲಿಲ್ಲ, ಹೊಣೆ ಅವನದು. ಅಧಿಕಾರಿ ನನ್ನ ನಲವತ್ತೊಂದನೆಯ ಪುಟ ತೆರೆದು ನೋಡಿ ತಲೆ ಆಡಿಸಿದರು. “ಇದು ನಿಜವಾದರೆ ನಿಮ್ಮ ವೈರ್‌ಮನ್ ಪರವಾನಗಿ ಉಳಿಯುವುದಿಲ್ಲ. ಏನು ಹೇಳುತ್ತೀರಿ?” ಎಂದು ಫಕೀರಪ್ಪನನ್ನು ಕೇಳಿದರು.

“ನಾ ಬರದು ಕೊಟ್ಟೀನ್ರಿ ಸಾಹೇಬ್ರ. ಈ ಮೇಡಂ ಅವರ ಕೈಯಾಗ ಕೊಟ್ಟೀನಿ.”

“ಫೈಲಿನಲ್ಲಿ ಅಂಥ ಕಾಗದ ಇಲ್ಲವಲ್ಲ.”

“ಕಾಗದ ಇರಲಿಲ್ರಿ. ನನ್ನ ಮಗಳ ಲಗ್ನಪತ್ರಿಕಾದ ಹಿಂದ ಬರದಿದ್ದೆ.”

ಉಮಾಕಾಂತರು ಸಣ್ಣಗೆ ನಕ್ಕರು. ಅಧಿಕಾರಿ ಇಂದುಮತಿಯ ಕಡೆ ತಿರುಗಿದರು. ಈಗ ಹೇಳುತ್ತಾಳೆ, ನನ್ನ ಭಾರ ಇಳಿಸುತ್ತಾಳೆ ಎಂದುಕೊಂಡೆ.

“ನನಗ ನೆನಪಿಲ್ರಿ ಸರ್,” ಎಂದಳು ಇಂದುಮತಿ.

ಥೂ ನಮ್ಮ ಬಾಳಿಗೆ! ಅವಳನ್ನು ಬೈಯುವ ಹಕ್ಕು ನನಗಿಲ್ಲ. ಸಾಕ್ಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಎದುರೇ ಮಲಗಿದ್ದವನು ನಾನು. ಆದರೂ ನಾಚಿಕೆ ಎನ್ನುವುದು ಇಬ್ಬರಿಗೂ ಒಂದೇ ಕಡೆ ಚುಚ್ಚಿತು ಎಂದು ನನಗೆ ಗೊತ್ತು. ಅವಳ ಕೈ ಬ್ಯಾಗಿನ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತಿತ್ತು.

ಫಕೀರಪ್ಪ ಸಿಟ್ಟಾಗಲಿಲ್ಲ. “ಮದುವಿಗೆ ಬಂದಿದ್ರಿ ಮೇಡಂ. ನನ್ನ ಮಗಳಿಗೆ ಬೆಳ್ಳಿ ಕುಂಕುಮದ ಬಟ್ಟಲ ಕೊಟ್ರಿ. ಎರಡು ಹೋಳಗಿ ಉಂಡ್ರಿ, ಮೂರನೇದ್ದು ನಾನ ಬಡಿಸಿದೆ. ಪತ್ರಿಕಾ ಮುಟ್ಟಲಾರದ ಹೆಂಗ ಬಂದ್ರಿ?” ಎಂದ.

ಉಮಾಕಾಂತರು ನಡುವೆ ಬಂದರು: “ಆರು ವರ್ಷದ ಹಿಂದಿನ ಒಂದು ಪತ್ರಿಕೆ ಎಲ್ಲಿ ಹೋತು ಅಂತ ಯಾರಿಗೆ ನೆನಪಿರ್ತದ ಸರ್? ಕಸದಾಗ ಹೋಗಿರಬೇಕು.”

ಕಸ ಎಂಬ ಆ ಮಾತಿಗೆ ಫಕೀರಪ್ಪನ ಮುಖ ಕಪ್ಪಿಟ್ಟಿತು. ಪರವಾನಗಿ ಹೋಗುತ್ತದೆ ಎಂದಾಗಲೂ ಹಾಗಾಗಿರಲಿಲ್ಲ. ಅವನು ಅಧಿಕಾರಿಯ ಕಡೆ ನೋಡಲೇ ಇಲ್ಲ. ಮೇಡಂ ಅನ್ನುವುದನ್ನೂ ಬಿಟ್ಟ.

“ಕಸದಾಗ ಒಗದೇನವಾ? ಅರಿಶಿಣ ಹಚ್ಚಿದ ಪತ್ರಿಕಾ ಅದು. ಮ್ಯಾಲೆ ಗಣಪತಿ ಇದ್ದ. ನನ್ನ ಮಗಳ ಹೆಸರಿತ್ತು. ನನ್ನ ಪರವಾನಗಿ ಹೋಗೂದಿದ್ರ ಹೋಗಲಿ. ಅದನ್ನ ಕಸದಾಗ ಒಗದೇನು? ಅಷ್ಟ ಹೇಳು.”

“ಇಲ್ಲ ಕಾಕಾ!” ಇಂದುಮತಿ ಎದ್ದೇ ನಿಂತಳು. “ಒಗದಿಲ್ಲ. ನಿಮ್ಮಾಣಿ ಒಗದಿಲ್ಲ.”

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಕೋಣೆಯಲ್ಲಿ ಎಲ್ಲರಿಗೂ ತಿಳಿಯಿತು. ಉಮಾಕಾಂತರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು: “ಒಗೆದಿಲ್ಲ ಎಂದರೆ, ಎಲ್ಲಿದೆ ಅಮ್ಮಾ?”

ಅವಳು ನನ್ನ ಹತ್ತಿರ ಬಂದಳು. ಆರು ವರ್ಷದ ಮೇಲೆ ಅವಳ ಬೆರಳು ನನ್ನ ಹಿಂದಿನ ರಟ್ಟಿಗೆ ತಾಗಿತು. ಸಂದಿಗೆ ಉಗುರು ಹಾಕಿ ಎಳೆದಳು. ಕಾಗದದ ಜೇಬು ಪರ್ ಎಂದು ಹರಿಯಿತು. ಹಳದಿ ಅಂಚಿನ ಪತ್ರಿಕೆ ಹೊರಗೆ ಬಂತು. ಅರಿಶಿನ ಬಣ್ಣಗೆಟ್ಟು ಅರ್ಧ ನನ್ನ ರಟ್ಟಿಗೆ ಇಳಿದಿತ್ತು. ಅಧಿಕಾರಿ ಅದನ್ನು ತಿರುಗಿಸಿ ನನ್ನ ನಲವತ್ತೊಂದನೆಯ ಪುಟದ ಪಕ್ಕ ಇಟ್ಟರು. ಗೋಡೆಯಿಂದ ಒಂಬತ್ತು ಹೆಜ್ಜೆ, ಎರಡೂವರೆ ಅಡಿ ಆಳ. ಕೆಳಗೆ ತಾರೀಖು, ಫಕೀರಪ್ಪನ ರುಜು.

“ಸಿಕ್ಕಾ ಹೊಡದಾಕಿ ನಾನ,” ಎಂದಳು ಇಂದುಮತಿ. “ಸುಳ್ಳಂತ ಗೊತ್ತಿದ್ದ ಹೊಡದೀನಿ. ಒಗೀರಿ ಅಂದ್ರು, ಒಗೀಲಿಕ್ಕೂ ಆಗಲಿಲ್ಲ, ಹಚ್ಚಲಿಕ್ಕೂ ಧೈರ್ಯ ಆಗಲಿಲ್ಲ. ಮುಚ್ಚಿಟ್ಟೆ.”

ಆಮೇಲೆ ಬಾಗಿಲ ಹತ್ತಿರ ಹೋಗಿ ತಿಪ್ಪಣ್ಣನ ಕಾಲಿಗೆ ಬಗ್ಗಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

“ಕಾಲು ಬ್ಯಾಡವಾ. ನಾ ಎರಡು ಸಲ ನೋಡಿದ್ನಿ. ಇಟ್ಟಿಗಿ ಕಂಡಾಗ ನನ್ನ ಕೈ ತಡದಿತ್ತು. ಕೈ ಹೇಳಿದ್ದ ಖರೆ ಇತ್ತು, ನಾ ಕಾಗದ ನಂಬಿದೆ.” ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ತನ್ನದೇ ತಪ್ಪು ಎನ್ನುವ ಹಾಗೆ ಹೇಳಿದ. ಇಂದುಮತಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನನಗೆ ಅಳಲೂ ಬರುವುದಿಲ್ಲ.

ಫಕೀರಪ್ಪನ ಪರವಾನಗಿ ಉಳಿಯಿತು. ಉಮಾಕಾಂತರೂ ಇಂದುಮತಿಯೂ ಕೆಲಸ ಕಳೆದುಕೊಂಡರು. ತಿಪ್ಪಣ್ಣನಿಗೆ ಕಂಪನಿಯಿಂದ ಪರಿಹಾರ ಕೊಡಿಸಿದರು ಎಂದು ಕೇಳಿದೆ. ಬೆರಳು ಕೊಡಿಸಲು ಯಾರಿಂದಾದೀತು?

ಕೆಲಸ ಹೋದ ಮೇಲೂ ಇಂದುಮತಿ ಬಂದಳು. ಹಾಸ್ಟೆಲಿನವರ ಅಪ್ಪಣೆ ಕೇಳಿ, ಫಕೀರಪ್ಪನನ್ನು ಜೊತೆಗೆ ಕರೆದುಕೊಂಡು, ಹನ್ನೆರಡು ದಿನ ಆ ಕಟ್ಟಡದ ಸುತ್ತ ನಡೆದು ಅಳೆದಳು. ನನ್ನೊಳಗಿನ ಒಂದೊಂದು ಹಾಳೆಯನ್ನೂ ನೆಲದ ಪಕ್ಕ ಹಿಡಿದು ನೋಡಿದಳು. ಇನ್ನೂ ನಾಲ್ಕು ಸುಳ್ಳು ಸಿಕ್ಕವು. ಒಂದು ನೀರಿನ ನಲ್ಲಿ, ಎರಡು ಪೈಪು, ಒಂದು ಮೆಟ್ಟಿಲ ಕೆಳಗಿನ ಸ್ವಿಚ್ಚು. ನನಗೇ ಗೊತ್ತಿರಲಿಲ್ಲ! ನಾನು ನನ್ನನ್ನು ಒಂದೇ ಪುಟದ ಪಾಪಿ ಎಂದುಕೊಂಡಿದ್ದೆ. ಎಲ್ಲ ತಿದ್ದಿ, ಹೊಸ ನಕ್ಷೆಗಳಿಗೆ ಸಹಿ ಮಾಡಿಸಿ ಹಚ್ಚಿದಳು. ಲಗ್ನಪತ್ರಿಕೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೊದಲ ಪುಟವಾಗಿ ಸೇರಿಸಿದಳು. ಈ ಸಲ ನನ್ನ ಬೆನ್ನು ತಟ್ಟಲಿಲ್ಲ. ಕಟ್ಟಡದ ಬಾಯಿ ನೀನು ಎನ್ನಲಿಲ್ಲ. ಕ್ಲಿಪ್ಪು ಒತ್ತಿ ಮುಚ್ಚಿ ಹೊರಟುಹೋದಳು.

ಈಗ ನಾನು ಮುದುಕ. ರೆಕ್ಸಿನ್ ಮೂಲೆಯಲ್ಲಿ ಸುಲಿದಿದೆ, ಕ್ಲಿಪ್ಪಿಗೆ ತುಕ್ಕು ಹತ್ತಿದೆ, ಹಿಂದಿನ ಜೇಬು ಹರಿದದ್ದು ಹರಿದಂತೆಯೇ ಇದೆ. ಖಂಡೆ ಪೂಜೆಗೆ ನನ್ನನ್ನು ಇಳಿಸುವುದನ್ನು ಗುರುಪಾದಯ್ಯ ಬಿಟ್ಟಿದ್ದಾರೆ. ನನ್ನ ಹೊಟ್ಟೆಯಲ್ಲಿ ಇವತ್ತು ಒಂದೂ ಸುಳ್ಳಿಲ್ಲ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಅದು ನನಗೆ ಹೋದ ತಿಂಗಳು ಚೆನ್ನಾಗಿ ಅರ್ಥವಾಯಿತು.

ಹಾಸ್ಟೆಲಿನವರಿಗೆ ಇನ್ನೊಂದು ಇಂಗುಗುಂಡಿ ಬೇಕಾಗಿತ್ತು. ತಿಪ್ಪಣ್ಣನೇ ಬಂದ. ಈಗ ಅವನು ಹಾರೆ ಹಿಡಿಯುವುದಿಲ್ಲ, ನಿಂತು ಮಾಡಿಸುತ್ತಾನೆ. ಆಫೀಸಿಗೆ ಬಂದು ಅಂದಿನಂತೆಯೇ ನಕ್ಷೆ ಕೇಳಿದ. ಹೊರಗಿನ ನಲ್ಲಿಗೆ ಹೋಗಿ ಎಡಗೈಯಿಂದ ಬಲಗೈ ತೊಳೆದ, ಟವೆಲಿಗೆ ಒರೆಸಿಕೊಂಡ. ನನ್ನನ್ನು ತೆರೆದು ಪತ್ರಿಕೆ ನೋಡಿದ, ಹೊಸ ನಕ್ಷೆ ನೋಡಿದ, ಉಳಿದ ಎರಡು ಬೆರಳನ್ನು ಗೆರೆಯ ಮೇಲೆ ಕೊನೆಯ ತನಕ ನಡೆಸಿದ. ನಂತರ ನನ್ನನ್ನು ಮುಚ್ಚಿದ.

“ಫಕೀರಪ್ಪನ್ನ ಕರೀರಿ ಸರ. ಬಂದು ಕಾಲಿಲೆ ನಡದು ನೆಲಾ ತೋರಸಲಿ.”

“ಈಗ ಎಲ್ಲಾ ತಿದ್ದೈತಪಾ ತಿಪ್ಪಣ್ಣ,” ಎಂದರು ಗುರುಪಾದಯ್ಯ. “ಅದರಾಗ ಇದ್ದದ್ದೆಲ್ಲಾ ಖರೇನ ಐತಿ.”

“ಇರಬೌದ್ರಿ,” ಎಂದ ತಿಪ್ಪಣ್ಣ.

ಅಷ್ಟು ಹೇಳಿ ಹೊರಗೆ ಹೋಗಿ ಬೇವಿನ ಮರದ ನೆರಳಲ್ಲಿ ಕೂತ. ಕಿಟಕಿಯಿಂದ ಅವನ ಬೆನ್ನು ನನಗೆ ಕಾಣುತ್ತಿತ್ತು. ಫಕೀರಪ್ಪ ಬರುವುದು ಎರಡು ತಾಸು ತಡವಾಯಿತು. ಅವನು ಬರುವ ತನಕ ತಿಪ್ಪಣ್ಣ ಯಾರಿಗೂ ಹಾರೆ ಮುಟ್ಟಗೊಡಲಿಲ್ಲ. ಅವನು ಮಾಡಿದ್ದು ಸರಿ.